ವುಡಿ ಗತ್ರಿಯ ಧಾಟಿಗಳು: ಒಂದು ಟಿಪ್ಪಣಿ

ಅಮೆರಿಕದ ಜನಪದ ಹಾಡುಗಾರ ವುಡಿ ಗತ್ರಿ (1912–1967) ಎಂದೊಡನೆ ಗೂಡ್ಸ್ ರೈಲು ಹತ್ತಿ ಅಲೆದ, ಬಾಯಿಂದ ಬಾಯಿಗೆ ಬಂದ ಹಾಡುಗಳನ್ನು ಹೊತ್ತು ತಿರುಗಿದ ಅಲೆಮಾರಿಯ ಚಿತ್ರ ಎದುರಾಗುತ್ತದೆ. ಚಿತ್ರ ಸುಳ್ಳಲ್ಲ. ಆದರೆ ಆತನ ಧಾಟಿಗಳನ್ನು ಒಂದೊಂದಾಗಿ ಹಿಡಿದು ಹಿಂದಕ್ಕೆ ಹೋದರೆ ಹಲವು ಸಲ ತಲುಪುವುದು ಗ್ರಾಮಫೋನ್ ತಟ್ಟೆಯ ಬಳಿಗೆ.

ಮೊದಲ ಪಾಠಗಳು ಮಾತ್ರ ಮನೆ ಮತ್ತು ಬೀದಿಯವು. ಓಕ್ಲಹೋಮಾದ ಒಕೀಮಾದಲ್ಲಿ ತಾಯಿ ನೋರಾ ಹಳೆಯ ಕಥನಗೀತೆಗಳನ್ನು ಹಾಡುತ್ತಿದ್ದರು. ಬೂಟು ಪಾಲಿಶ್ ಮಾಡುತ್ತಿದ್ದ ಕಪ್ಪು ಹುಡುಗನೊಬ್ಬನ ಮೌತ್ ಆರ್ಗನ್ ಕೇಳಿ ತಾನು ಕಲಿತದ್ದಾಗಿ ಗತ್ರಿಯೇ ಹೇಳಿದ್ದಾನೆ. ಟೆಕ್ಸಾಸಿನ ಪಂಪಾದಲ್ಲಿ ಗಿಟಾರು ಹಿಡಿಸಿದ್ದು ಪಿಟೀಲು ನುಡಿಸುತ್ತಿದ್ದ ಚಿಕ್ಕಪ್ಪ ಜೆಫ್.

ಆಮೇಲೆ ಬಂದದ್ದು ಕಾರ್ಟರ್ ಕುಟುಂಬದ ಪ್ರಭಾವ. ವರ್ಜೀನಿಯಾದ ಈ ಮೂವರು 1927ರಿಂದ ಧ್ವನಿಮುದ್ರಣ ಮಾಡತೊಡಗಿದರು. ಅವರಲ್ಲಿ ಮೇಬೆಲ್ ಕಾರ್ಟರ್ ಹೆಬ್ಬೆರಳಿನಿಂದ ಮಂದ್ರದ ತಂತಿಗಳಲ್ಲಿ ಧಾಟಿ ನುಡಿಸುತ್ತ, ಬೆರಳಿನಿಂದ ಉಳಿದ ತಂತಿಗಳನ್ನು ಸವರಿ ಲಯ ಹಿಡಿಯುತ್ತಿದ್ದಳು. ಗತ್ರಿಯ ಗಿಟಾರಿನಲ್ಲಿ ಕೇಳುವುದೂ ಬಹುಪಾಲು ಇದೇ ಕ್ರಮ. ಹಾಡಿನ ಬದಲು ಮಾತಿನ ಲಯದಲ್ಲೇ ಸಾಗುವ, ಗತ್ರಿಯೂ ಬಳಸಿದ ‘ಟಾಕಿಂಗ್ ಬ್ಲೂಸ್’ ಕೂಡ ಕ್ರಿಸ್ ಬೌಚಿಲನ್ 1926ರಲ್ಲಿ ಮುದ್ರಿಸಿದ ತಟ್ಟೆಯಿಂದ ಜನಪ್ರಿಯವಾದ ಪ್ರಕಾರ.

ನಮ್ಮ ಹಳೆಯ ಭಜನೆ ಪುಸ್ತಕಗಳಲ್ಲಿ ಹಾಡಿನ ಮೇಲೆ ‘ಇಂಥದರ ಧಾಟಿ’ ಎಂದು ಅಚ್ಚಾಗಿರುತ್ತಿತ್ತಲ್ಲ, ಗತ್ರಿಯ ಹಾಡುಗಳಿಗೂ ಹಾಗೇ ಬರೆಯಬಹುದು. 1940ರ ಫೆಬ್ರವರಿ 23ರಂದು ನ್ಯೂಯಾರ್ಕಿನಲ್ಲಿ ಬರೆದ ‘ದಿಸ್ ಲ್ಯಾಂಡ್ ಈಸ್ ಯುವರ್ ಲ್ಯಾಂಡ್’ಗೆ ಕಾರ್ಟರ್ ಕುಟುಂಬದ ‘ವೆನ್ ದ ವರ್ಲ್ಡ್ಸ್ ಆನ್ ಫೈರ್’ ಧಾಟಿ. ಲೋಕಕ್ಕೆ ಬೆಂಕಿ ಬೀಳುವ ದಿನವನ್ನು ನೆನೆವ ಆ ಭಕ್ತಿಗೀತೆಯ ಧಾಟಿಯನ್ನು, ಅರ್ವಿಂಗ್ ಬರ್ಲಿನ್ನನ ‘ಗಾಡ್ ಬ್ಲೆಸ್ ಅಮೆರಿಕ’ಕ್ಕೆ ಉತ್ತರ ಕೊಡಲು ಬಳಸಿದ್ದಾನೆ.

ಅದೇ ವರ್ಷದ ‘ಟಾಮ್ ಜೋಡ್’ ಇನ್ನೂ ಕುತೂಹಲಕರ. ಜಾನ್ ಸ್ಟೈನ್‌ಬೆಕ್‌ನ ‘ದ ಗ್ರೇಪ್ಸ್ ಆಫ್ ರಾತ್’ ಕಾದಂಬರಿಯ ಕಥೆಯನ್ನೆಲ್ಲ ಒಂದು ಕಥನಗೀತೆಯಲ್ಲಿ ಹೇಳುವ ಈ ಹಾಡು ತಟ್ಟೆಯ ಒಂದು ಬದಿಯಲ್ಲಿ ಹಿಡಿಯದೆ ಎರಡೂ ಬದಿಗೆ ಹರಡಿತು. ಧಾಟಿ ‘ಜಾನ್ ಹಾರ್ಡಿ’ಯದು, ಅಂದರೆ ಕೊಲೆ ಮಾಡಿ ಗಲ್ಲಿಗೇರಿದವನ ಹಾಡಿನದು. ಕಾದಂಬರಿಯ ನಾಯಕ ಟಾಮ್ ಕೂಡ ಕೊಲೆ ಮಾಡಿ ಜೈಲು ಕಂಡವನೇ. ಕೈಗೆ ಸಿಕ್ಕಿದ ಧಾಟಿಯನ್ನು ಗತ್ರಿ ಎತ್ತಿಕೊಂಡ ಎನ್ನುವುದಕ್ಕಿಂತ, ಹಳೆಯ ಹಾಡಿನ ನೆರಳು ಹೊಸದರ ಮೇಲೆ ಬೀಳಲೆಂದೇ ಆರಿಸಿಕೊಂಡ ಎಂದು ನನಗನ್ನಿಸುತ್ತದೆ.

ನ್ಯೂಯಾರ್ಕಿಗೆ ಬಂದ ಮೇಲೆ ಗತ್ರಿಯ ಈ ಧಾಟಿಗಳ ಸಂಗ್ರಹ ಬೆಳೆಯಿತು. ಅಲ್ಲಿ ಲೂಯಿಸಿಯಾನಾದ ಕಪ್ಪು ಗಾಯಕ ಲೆಡ್ ಬೆಲ್ಲಿಯ ಒಡನಾಟ ಸಿಕ್ಕಿತು. 1941ರಲ್ಲಿ ಕೊಲಂಬಿಯಾ ನದಿಯ ಅಣೆಕಟ್ಟುಗಳ ವಿದ್ಯುತ್ ಮಾರುವ ಸರ್ಕಾರಿ ಸಂಸ್ಥೆ ಬಾನವಿಲ್ ವಿದ್ಯುತ್ ಆಡಳಿತಕ್ಕಾಗಿ ಗತ್ರಿ ಒಂದೇ ತಿಂಗಳಲ್ಲಿ 26 ಹಾಡು ಕಟ್ಟಿದ. ಆ ವೇಗಕ್ಕೆ ಸಿದ್ಧ ಧಾಟಿಗಳೂ ಒಂದು ಕಾರಣ. ಆ ಹಾಡುಗಳಲ್ಲಿ ಒಂದಾದ ‘ರೋಲ್ ಆನ್ ಕೊಲಂಬಿಯಾ’ದ ಧಾಟಿ ಲೆಡ್ ಬೆಲ್ಲಿ ಹಾಡುತ್ತಿದ್ದ ‘ಗುಡ್‌ನೈಟ್ ಐರೀನ್’ನದು. 1987ರಲ್ಲಿ ವಾಷಿಂಗ್ಟನ್ ರಾಜ್ಯ ‘ರೋಲ್ ಆನ್ ಕೊಲಂಬಿಯಾ’ವನ್ನು ತನ್ನ ಅಧಿಕೃತ ಜನಪದ ಗೀತೆಯಾಗಿ ಅಂಗೀಕರಿಸಿತು.