ಮೂರು ಕ್ರಿಯೇಟಿವ್, ಒಂದು ಕೇಳಿ

ಶಂಕರನಾರಾಯಣ ಪೇಟೆಯಲ್ಲಿ ಕುಂದಾಪುರದ ಬಸ್ಸಿಗೆ ಕಾಯುತ್ತಿದ್ದ ಹುಡುಗನೊಬ್ಬ ಫೋನಿನಲ್ಲಿ ಗೋಳು ಹೇಳಿಕೊಳ್ಳುತ್ತಿದ್ದ: “ಮೂರ್ ಕ್ರಿಯೇಟಿವ್ ಕಳ್ಸಿದೆ, ಒಂದೂ ಪಾಸ್ ಆಯ್ಲ ಮಾರ್ರೆ.” ಜಾಹೀರಾತು ಕಲಿಯುವ ಹುಡುಗ. ಮೊದಲು ಮನುಷ್ಯನ ಗುಣವಾಗಿದ್ದ ಕ್ರಿಯೇಟಿವ್ ಆಮೇಲೆ ಕಚೇರಿಯ ವಿಭಾಗವಾಯಿತು, ಅಲ್ಲಿ ಕೂರುವವರ ಹುದ್ದೆಯಾಯಿತು. ಈಗ ವಾಟ್ಸಾಪಿನಲ್ಲಿ ಕಳಿಸುವ ಪಟ. ದೀಪಾವಳಿಗೆ ಚಿನ್ನದಂಗಡಿಗೊಂದು, ಸೊಸೈಟಿಗೊಂದು. ಎರಡರಲ್ಲೂ ಅದೇ ಹಣತೆ.

ಈ ಕಸುಬಿಗೆ ನಮ್ಮಲ್ಲಿ ಇದಕ್ಕಿಂತ ಗಟ್ಟಿಯಾದ ಮಾತಿತ್ತು: ಕೇಳಿ. ಯಕ್ಷಗಾನದ ಆಟ ಶುರುವಾಗುವ ಮೊದಲು ಚಂಡೆ ಮದ್ದಳೆ ಬಾರಿಸಿ ಸುತ್ತಿನ ಊರಿಗೆ ಸುದ್ದಿ ಮುಟ್ಟಿಸುವುದೇ ಕೇಳಿ ಬಡಿಯುವುದು. ಇದು ಸಂಸ್ಕೃತದ ಕೇಳಿ, ಅಂದರೆ ಕ್ರೀಡೆ ಎಂದು ಪಂಡಿತರು ಹೇಳಬಹುದು. ಹೇಳಲಿ. ಗದ್ದೆಯಾಚೆ ಊಟಕ್ಕೆ ಕೂತವನ ಕಿವಿಗೆ ಬಿದ್ದದ್ದು “ಹ್ವಾಯ್, ಕೇಳಿ!” ಎಂದೇ ಎಂಬುದು ನನ್ನ ವಾದ.

ಡೇರೆ ಮೇಳಗಳ ಕಾಲಕ್ಕೆ ಚಂಡೆಯ ಜೊತೆಗೆ ಜೀಪೂ ಸೇರಿತು. ಹಾಲಾಡಿ ಕಡೆಯಿಂದ ಧೂಳೆಬ್ಬಿಸಿಕೊಂಡು ಬರುತ್ತಿದ್ದ ಒಂದು ಜೀಪು ಚೆನ್ನಾಗಿ ನೆನಪಿದೆ. ಮೈಕಿನವನು ಪೇಟೆಯಲ್ಲಿ ಹಾಸ್ಯಗಾರನ ಹೆಸರೆತ್ತುತ್ತಿದ್ದ, ದೇವಸ್ಥಾನದ ಹತ್ತಿರ ದೇವಿಯ ಮಹಿಮೆ ಹೇಳುತ್ತಿದ್ದ, ಹೆಂಗಸರು ನಟ್ಟಿ ಮಾಡುವ ಗದ್ದೆ ಕಂಡರೆ ನಾಯಕಿಯ ಕಷ್ಟದ ಮಾತು ತೆಗೆಯುತ್ತಿದ್ದ. ಕಥೆ ಅರ್ಧಕ್ಕೆ ಬಂದಾಗ ಜೀಪು ತಿರುವಿನಲ್ಲಿ ಮರೆ. “ಮರೆಯದಿರಿ, ಮರೆತು ನಿರಾಶರಾಗದಿರಿ” ಅನ್ನುವುದಷ್ಟೇ ಗಾಳಿಯಲ್ಲಿ ಉಳಿಯುತ್ತಿತ್ತು. ನಾವು ಗುಲಾಬಿ ಬಣ್ಣದ ಕರಪತ್ರಕ್ಕೆ ಓಡುತ್ತಿದ್ದೆವು. ಅದನ್ನು ಎಸೆಯುತ್ತಿದ್ದ ಹಿಂದಿನ ಸೀಟಿನ ಹುಡುಗನೇ ಶಿಷ್ಯ. ಗುರುವಿನ ಗಂಟಲು ಕಟ್ಟಿದ ದಿನ ಅವನ ಪರೀಕ್ಷೆ.

ಈ ಕಸುಬಿಗೆ ಪುಸ್ತಕದ ಪಾಠವೂ ಇದೆ. ಅಮೆರಿಕದ ಜಾಹೀರಾತುಗಾರ ಜೇಮ್ಸ್ ವೆಬ್ ಯಂಗ್ 1940ರಲ್ಲಿ ಒಂದು ಪುಟ್ಟ ಪುಸ್ತಕ ಬರೆದು, ಹೊಸ ಕಲ್ಪನೆಯೆಂದರೆ ಹಳೆಯ ಸಂಗತಿಗಳ ಹೊಸ ಜೋಡಣೆ ಎಂದ. ಜಾಹೀರಾತಿನವರಿಗೆ ಇಂದಿಗೂ ಅದು ಪಾಠ. ಹರಿಹರರನ್ನು ಒಟ್ಟಿಗೇ ನೋಡಬೇಕೆಂದು ಕ್ರೋಢ ಋಷಿ ತಪಸ್ಸು ಮಾಡಿದನೆನ್ನುವ ಊರಿನವರಿಗೆ ಇದರಲ್ಲಿ ಹೊಸದೇನು? ಇಬ್ಬರನ್ನೂ ಕೂಡಿಸಿ ಊರಿಗೇ ಶಂಕರನಾರಾಯಣ ಎಂದು ಹೆಸರಿಟ್ಟಿದ್ದೇವೆ. ಉಡುಪಿಯ ಟಿ.ಎಂ.ಎ. ಪೈಯವರು 1928ರಲ್ಲಿ ಪಿಗ್ಮಿ ಠೇವಣಿ ತಂದಾಗ ಮಾಡಿದ್ದೂ ಅದನ್ನೇ: ಬ್ಯಾಂಕು ಹಳೆಯದು, ದಿನಾ ಮನೆಬಾಗಿಲಿಗೆ ಬರುವ ಪರಿಚಿತ ಮುಖವೂ ಹಳೆಯದು. ಎರಡಾಣೆ ಕಟ್ಟಿಸಿಕೊಳ್ಳಲೂ ಬ್ಯಾಂಕಿನ ಆಸಾಮಿ ಬಾಗಿಲಿಗೆ ಬಂದ. ಅದನ್ನು ಯಾರೂ ಕ್ರಿಯೇಟಿವ್ ಅನ್ನಲಿಲ್ಲ. ನಮ್ಮ ಕಡೆ ಅಂಗಡಿಯವರು ಈಗಲೂ ಪಿಗ್ಮಿ ಕಟ್ಟುತ್ತಾರೆ.

ಜಾಹೀರಾತು ಕಲಿಸುವ ಮೇಷ್ಟ್ರುಗಳಲ್ಲಿ ಒಂದು ವಿನಂತಿ. ಮಳೆಗಾಲ ಕಳೆದು ಮೇಳ ಹೊರಟ ಮೇಲೆ ನಿಮ್ಮ ಮಕ್ಕಳನ್ನು ಒಂದು ವಾರ ಪ್ರಚಾರದ ಗಾಡಿಯ ಹಿಂದಿನ ಸೀಟಿನಲ್ಲಿ ಕೂರಿಸಿ. ಮೈಕು ಮಾತ್ರ ಕೈಗೆ ಕೊಡಬೇಡಿ.