ದೊಡ್ಡಪ್ಪನ ಗದ್ದೆ ಮತ್ತು ಬ್ರೌಸರ್‌ನ ಕಾಲುಸಂಕ

(ಪಾಡ್‌ಕಾಸ್ಟ್ ಸಂಚಿಕೆಯ ಪಠ್ಯರೂಪ)

ಇವತ್ತಿನ ಕತೆ ನಿಮ್ಮ ಕೈಯಲ್ಲಿರೋ ಫೋನಿನ ಬ್ರೌಸರ್‌ದು. ಆದರೆ ಅದು ಶುರುವಾಗೋದು ಒಂದು ಒದ್ದೆ ನೋಟ್‌ಬುಕ್‌ನಿಂದ.

2021ರ ಜುಲೈ. ಕಾರವಾರ ತಾಲ್ಲೂಕಿನ ನಮ್ಮ ಮಲ್ಲಾಪುರದ ಕಡೆ ಕಾಳಿ ನದಿ ಉಕ್ಕಿ ಬಂತು. ತಗ್ಗಿನ ಮನೆಗಳಿಗೆ ನೀರು ನುಗ್ಗಿತು. ನೀರು ಇಳಿದ ಮೇಲೆ ದೊಡ್ಡಪ್ಪನ ಮನೆಗೆ ಹೋದ್ರೆ ಅಕ್ಕಿ ಚೀಲ, ಹಾಸಿಗೆ ಎಲ್ಲಾ ಕೆಸರು. ದೊಡ್ಡಪ್ಪ ಅದ್ಯಾವುದನ್ನೂ ನೋಡ್ತಾ ಇರಲಿಲ್ಲ. ಟ್ರಂಕಿನೊಳಗಿದ್ದ ಒಂದು ನೋಟ್‌ಬುಕ್ ಕೈಯಲ್ಲಿ ಹಿಡ್ಕೊಂಡು ಕೂತಿದ್ರು. ಹಾಳೆಗಳೆಲ್ಲ ಒಂದಕ್ಕೊಂದು ಅಂಟಿ, ಶಾಯಿ ಹರಿದು ನೀಲಿ ಮುದ್ದೆಯಾಗಿತ್ತು.

ಅದರಲ್ಲಿ ಏನಿತ್ತು ಗೊತ್ತಾ? ಗದ್ದೆಗಳ ಹೆಸರು. ಕದ್ರಾ ಅಣೆಕಟ್ಟಿನ ಹಿನ್ನೀರಲ್ಲಿ ಮುಳುಗಿದ ಜಮೀನಿನ ಒಂದೊಂದು ತುಂಡಿನ ಹೆಸರು, ಅದನ್ನ ಯಾರು ಉಳ್ತಿದ್ರು, ಯಾವ ಮರ ಎಲ್ಲಿತ್ತು, ಹೊಳೆ ದಾಟೋ ಜಾಗ ಯಾವುದು. ಹೆಸರುಗಳೆಲ್ಲ ಕೊಂಕಣಿ, ಲಿಪಿ ಕನ್ನಡ. ಆ ಹೆಸರು ಹೇಳೋ ಜನ ಒಬ್ಬೊಬ್ಬರೇ ಹೋಗ್ತಿದ್ರು. ಗದ್ದೆ ಮೊದಲೇ ನೀರಿನಡಿ ಹೋಗಿತ್ತು. ಈಗ ಹೆಸರೂ ಹೋಯ್ತು.

ಆಮೇಲೆ ನಂಗೆ ನೆನಪಾಯ್ತು. 2006ರಲ್ಲಿ ಕಾರವಾರದ ಒಂದು ಡಿಟಿಪಿ ಅಂಗಡಿಯಲ್ಲಿ ಆ ನೋಟ್‌ಬುಕ್ಕಿನ ಬಹುಪಾಲನ್ನ ಟೈಪ್ ಮಾಡಿಸಿದ್ವಿ. ಅಂಗಡಿ ಅಕ್ಕ ಫೈಲನ್ನ ನಂಗೆ ಮೇಲ್ ಮಾಡಿದ್ರು. ಅಲ್ಲೇ, ಅಂಗಳದಲ್ಲಿ ನಿಂತು ಫೋನಲ್ಲಿ ಹುಡುಕಿದೆ. ಮೇಲ್ ಸಿಕ್ತು! ಬ್ರೌಸರ್‌ನಲ್ಲಿ ಫೈಲ್ ತೆರೆದೆ. ಒಂದೇ ಒಂದು ಕನ್ನಡ ಅಕ್ಷರ ಇಲ್ಲ. ತಲೆ ಮೇಲೆ ಗೀಟು ಹೊತ್ತ ಇಂಗ್ಲಿಷ್ ಎ, ಬ್ರಿಟಿಷರ ಪೌಂಡ್ ಗುರುತು, ಜರ್ಮನ್ನರ ಯಾವುದೋ ಅಕ್ಷರ, ಸಾಲು ಸಾಲು.

“ಇದೆಂತದೋ ತಮ್ಮಾ?” ಅಂತ ದೊಡ್ಡಪ್ಪ ಕೇಳಿದ್ರು.

ಆ ಪ್ರಶ್ನೆಗೆ ಉತ್ತರವೇ ಇವತ್ತಿನ ಚರಿತ್ರೆ.

ಸ್ವಲ್ಪ ಹಿಂದೆ ಹೋಗೋಣ. 2000ದಲ್ಲಿ ಕೈಗಾದ ಮೊದಲ ಎರಡು ಘಟಕಗಳು ವಾಣಿಜ್ಯ ಉತ್ಪಾದನೆ ಶುರು ಮಾಡಿದ್ವು. ಮಲ್ಲಾಪುರದಲ್ಲಿ ಕೈಗಾ ಟೌನ್‌ಶಿಪ್, ಪೇಟೆಯಲ್ಲಿ ದೇಶದ ಹತ್ತಾರು ಭಾಷೆ. ಕೆಲವು ವರ್ಷದಲ್ಲಿ ಸೈಬರ್ ಅಂಗಡಿಯೂ ಬಂತು. ನಾನು ಹೈಸ್ಕೂಲು ಹುಡುಗ. ಕನ್ನಡ ಪೇಪರ್ ತೆರೆದ್ರೆ ಮೊದಲು ಕಾಣ್ತಿದ್ದಿದ್ದು ಸುದ್ದಿ ಅಲ್ಲ, “ಈ ಪುಟ ಓದಲು ಫಾಂಟ್ ಇಳಿಸಿಕೊಳ್ಳಿ” ಅನ್ನೋ ಸಾಲು. ಒಂದು ಪೇಪರಿಗೆ ಒಂದು ಫಾಂಟ್, ಇನ್ನೊಂದಕ್ಕೆ ಇನ್ನೊಂದು. ಅಣುವಿದ್ಯುತ್ ತಯಾರಾಗೋ ಊರಿನ ಪಕ್ಕ ಕೂತು ‘ಮಲ್ಲಾಪುರ’ ಅನ್ನೋ ನಾಲ್ಕಕ್ಷರ ಪರದೆ ಮೇಲೆ ಮೂಡಿಸೋಕೆ ಒದ್ದಾಟ!

ಯಾಕೆ ಹೀಗೆ? ಆಗಿನ ಕನ್ನಡ ತಂತ್ರಾಂಶಗಳದ್ದು ಒಂದು ಜಾಣ ಉಪಾಯ. ಕಂಪ್ಯೂಟರಿಗೆ ಗೊತ್ತಿರೋದು ಇಂಗ್ಲಿಷ್ ಅಕ್ಷರಗಳ ಜಾಗ. ಸರಿ, ಆ ಜಾಗದಲ್ಲೇ ಕನ್ನಡದ ಚಿತ್ರ ಕೂರಿಸಿಬಿಡೋಣ. ‘ನುಡಿ’ ಫಾಂಟಿನಲ್ಲಿ ಇಂಗ್ಲಿಷ್ ಪಿ ಇರೋ ಜಾಗದಲ್ಲಿ ‘ಕ’ದ ಒಡಲು, ಗೀಟು ಹೊತ್ತ ಎ ಜಾಗದಲ್ಲಿ ತಲೆಕಟ್ಟು. ಹಾಗಾಗಿ ‘ಕನ್ನಡ’ ಅಂತ ಬರೆದ್ರೆ ಒಳಗೆ ಇರೋದು ಪಿ, ಎ, ಪೌಂಡ್, ಎ, ಜರ್ಮನ್ ಅಕ್ಷರ, ಕ್ಯು, ಎ. ಫಾಂಟ್ ಇದ್ರೆ ಕನ್ನಡ. ಇಲ್ದಿದ್ರೆ ಕಸ.

ಇದನ್ನ ಕೇಳಿ ನಗಬೇಡಿ. ಆ ಉಪಾಯ ಇಲ್ದಿದ್ರೆ ಕನ್ನಡದ ಮುದ್ರಣ ಆ ಕಾಲದಲ್ಲಿ ಕಂಪ್ಯೂಟರ್ ಹತ್ತೋದೇ ಕಷ್ಟ ಇತ್ತು. ಕೆ.ಪಿ. ರಾವ್ ಅವರು ‘ಸೇಡಿಯಾಪು’ ತಂತ್ರಾಂಶ ಮಾಡಿದ್ರು. ಅವರ ಕೀಲಿಮಣೆ ವಿನ್ಯಾಸವೇ ಮುಂದೆ ನುಡಿಗೆ ಆಧಾರ ಆಯ್ತು. ಇಂಗ್ಲಿಷಿನ 26 ಕೀಲಿಯಲ್ಲೇ ಇಡೀ ಕನ್ನಡ, ಎಫ್ ಒತ್ತಿದ್ರೆ ಒತ್ತಕ್ಷರ. 1998ರಲ್ಲಿ ಶೇಷಾದ್ರಿ ವಾಸು ಅವರ ‘ಬರಹ’ ಬಂತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಸರ್ಕಾರಿ ಕಚೇರಿಗಳಿಗೂ ಡಿಟಿಪಿ ಅಂಗಡಿಗಳಿಗೂ ಹೋಯ್ತು. ಕಾಗದದ ಮೇಲೆ ಅಚ್ಚು ಹಾಕೋಕೆ ಇವು ಸಾಕಾಗಿದ್ವು. ತೊಂದರೆ ಶುರುವಾಗಿದ್ದು ಬರಹ ಕಾಗದ ಬಿಟ್ಟು ಬ್ರೌಸರಿಗೆ ಬಂದಾಗ. ನನ್ನ ಕಂಪ್ಯೂಟರಲ್ಲಿ ಇರೋ ಫಾಂಟ್ ನಿಮ್ಮ ಕಂಪ್ಯೂಟರಲ್ಲಿ ಇರಬೇಕಲ್ಲ? ಫಾಂಟನ್ನೇ ಪುಟದ ಜೊತೆ ಕಳಿಸೋ ಏರ್ಪಾಡೂ ಬಂತು. ಆದರೆ ನೆಟ್‌ಸ್ಕೇಪ್‌ದು ಒಂದು ದಾರಿ, ಇಂಟರ್ನೆಟ್ ಎಕ್ಸ್‌ಪ್ಲೋರರ್‌ದು ಇನ್ನೊಂದು. ಇದರಲ್ಲಿ ಕಂಡಿದ್ದು ಅದರಲ್ಲಿ ಕಾಣ್ತಿರಲಿಲ್ಲ. ಗೂಗಲ್‌ನಲ್ಲಿ ಕನ್ನಡ ಪದ ಹುಡುಕೋದಂತೂ ಸಾಧ್ಯವೇ ಇರಲಿಲ್ಲ. ಅಲ್ಲಿ ಇದ್ದಿದ್ದು ಕನ್ನಡವೇ ಅಲ್ಲವಲ್ಲ.

ಪರಿಹಾರ ಕಾಗದದ ಮೇಲೆ ಆಗಲೇ ಇತ್ತು. 1991ರಲ್ಲಿ ಬಂದ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಅಂತ 128 ಸ್ಥಾನಗಳ ಒಂದು ಓಣಿ ಮೀಸಲಾಗಿತ್ತು. ಸೈಟು ಸಿಕ್ಕಿತ್ತು, ಮನೆ ಕಟ್ಟಿರಲಿಲ್ಲ ಅಷ್ಟೇ. 2001ರ ವಿಂಡೋಸ್ ಎಕ್ಸ್‌ಪಿ ಜೊತೆ ‘ತುಂಗಾ’ ಅನ್ನೋ ಕನ್ನಡ ಫಾಂಟ್ ಬಂತು. ಆದ್ರೂ ಸೆಟ್ಟಿಂಗ್ಸ್‌ಗೆ ಹೋಗಿ ಒಂದು ಟಿಕ್ ಹಾಕಿ, ವಿಂಡೋಸ್ ಸಿಡಿ ತೂರಿಸಬೇಕಿತ್ತು. ನಮ್ಮ ಸೈಬರ್ ಅಂಗಡಿಯವರ ಹತ್ರ ಆ ಸಿಡಿ ಯಾವತ್ತೂ ಇರಲಿಲ್ಲ ಬಿಡಿ. 2003ರಲ್ಲಿ ಕನ್ನಡ ವಿಕಿಪೀಡಿಯ ಶುರುವಾಯ್ತು. ಬರೆಯೋರು ಇದ್ರು, ಓದೋ ಪರದೆಗಳು ಕಡಿಮೆ.

ಈ ನಡುವಿನ ಹೊಳೆ ದಾಟಿಸಿದ್ದು ಏನು ಅಂತೀರಿ? ಎಕ್ಸ್‌ಟೆನ್ಶನ್.

ನಮ್ಮ ಉತ್ತರ ಕನ್ನಡದವರಿಗೆ ಕಾಲುಸಂಕ ಗೊತ್ತು. ಮಳೆಗಾಲಕ್ಕೆ ಮುಂಚೆ ಊರವರೇ ಅಡಿಕೆ ಮರದ ದಬ್ಬೆ ಹಾಕಿ, ಹಗ್ಗ ಬಿಗಿದು ಹಳ್ಳದ ಮೇಲೆ ಕಟ್ಟೋ ಸಣ್ಣ ಸೇತುವೆ. ಸರ್ಕಾರದ ಸೇತುವೆ ಬರೋವರೆಗೆ ಮಕ್ಕಳು ಶಾಲೆಗೆ ಹೋಗೋದು ಅದರ ಮೇಲೇ. ಎಕ್ಸ್‌ಟೆನ್ಶನ್ ಅಂದ್ರೆ ಹೆಚ್ಚುಕಮ್ಮಿ ಅದೇ. ಬ್ರೌಸರ್ ಮಾಡಿದ ಕಂಪನಿ ಕಟ್ಟದೇ ಬಿಟ್ಟ ಜಾಗದಲ್ಲಿ ಬಳಸೋರೇ ಕಟ್ಟಿಕೊಳ್ಳೋ ಸಣ್ಣ ಪ್ರೋಗ್ರಾಂ.

ಈ ವಿಚಾರವನ್ನ ಮನೆಮಾತು ಮಾಡಿದ್ದು ಫೈರ್‌ಫಾಕ್ಸ್. 2004ರ ನವೆಂಬರ್ 9ಕ್ಕೆ ಅದರ 1.0 ಆವೃತ್ತಿ ಬಂತು. ತತ್ವ ಸರಳ: ಬ್ರೌಸರ್ ಚಿಕ್ಕದಾಗಿರಲಿ, ಬೇಕಾದ್ದನ್ನ ಜನ ಸೇರಿಸಿಕೊಳ್ಳಲಿ. ಜಾಹೀರಾತು ತಡೆಯೋದು ಬಂತು, ನಿಘಂಟು ಬಂತು. ನಮ್ಮ ಕಡೆಗೆ ಹತ್ತಿರದ್ದು ‘ಪದ್ಮ’. ತೆಲುಗಿನಿಂದ ಶುರುವಾಗಿ ಬೇರೆ ಭಾರತೀಯ ಭಾಷೆಗಳಿಗೂ ಚಾಚಿದ ಎಕ್ಸ್‌ಟೆನ್ಶನ್ ಅದು. ಹಳೇ ಫಾಂಟಿನ ಪುಟ ತೆರೆದ ಕೂಡಲೇ ಅಲ್ಲೇ ಅದನ್ನ ಯೂನಿಕೋಡಿಗೆ ಬದಲಿಸಿ ತೋರಿಸ್ತಿತ್ತು. ಪೇಪರಿನವರು ತಮ್ಮ ಸೈಟ್ ಬದಲಿಸೋವರೆಗೆ ಓದುಗ ಕಾಯಬೇಕಾಗಿರಲಿಲ್ಲ. ಇದು ಸಣ್ಣ ವಿಷಯ ಅಲ್ಲ. ಪುಟ ಹೇಗೆ ಕಾಣಬೇಕು ಅನ್ನೋದರಲ್ಲಿ ಓದೋನಿಗೂ ಒಂದು ಮಾತು ಸಿಕ್ತು.

ಇದಕ್ಕೊಂದು ಕೆಟ್ಟ ಮುಖವೂ ಇತ್ತು. ಸೈಬರ್ ಅಂಗಡಿಯ ಎಕ್ಸ್‌ಪ್ಲೋರರ್ ನೆನಪಿದ್ಯಾ? ಟೂಲ್‌ಬಾರ್ ಮೇಲೆ ಟೂಲ್‌ಬಾರ್, ಅರ್ಧ ಪರದೆ ಅವೇ. ಯಾವುದೋ ಆಟ ಇಳಿಸಿದ್ರೆ ಅದರ ಜೊತೆ ಒಂದು ಬಂದು ಕೂರ್ತಿತ್ತು. ಸಂಕ ಕಟ್ಟೋ ನೆಪದಲ್ಲಿ ಸುಂಕ ವಸೂಲಿ ಮಾಡೋರು ಆಗಲೂ ಇದ್ರು, ಈಗಲೂ ಇದ್ದಾರೆ. ಇದಕ್ಕೆ ಕೊನೇಲಿ ಬರ್ತೀನಿ.

2008ರ ಸೆಪ್ಟೆಂಬರಲ್ಲಿ ಕ್ರೋಮ್ ಬಂತು, 2010ರಲ್ಲಿ ಅದಕ್ಕೂ ಎಕ್ಸ್‌ಟೆನ್ಶನ್ ಬಂದ್ವು. ಓದೋದು ಆಯ್ತು, ಈಗ ಬರೆಯೋದು. ನಾವೆಲ್ಲ ಆರ್ಕುಟ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ‘ಊಟ ಆಯ್ತಾ’ ಬರೀತಿದ್ದೋರು. ಗೂಗಲ್‌ನ ಲಿಪ್ಯಂತರ ಸೌಲಭ್ಯ ಬಂದ ಮೇಲೆ ಅದೇ ರೀತಿ ಬಡಿದ್ರೆ ಕನ್ನಡದಲ್ಲಿ ಮೂಡ್ತಿತ್ತು. ಆಮೇಲೆ ‘ಇನ್‌ಪುಟ್ ಟೂಲ್ಸ್’ ಎಕ್ಸ್‌ಟೆನ್ಶನ್ ಹಾಕ್ಕೊಂಡ್ರೆ ಯಾವ ಸೈಟಲ್ಲಾದ್ರೂ ಕನ್ನಡ ಬರೀಬಹುದಾಯ್ತು. ವಿಕಿಪೀಡಿಯದವರು ಕೀಲಿಮಣೆಯನ್ನ ಪುಟದೊಳಗೇ ಇಟ್ಟರು. ಬರೆಯೋನು ಏನೂ ಇಳಿಸಿಕೊಳ್ಳೋದೇ ಬೇಡ.

ಮೊಬೈಲ್ ಕತೆ ಇನ್ನೂ ಮಜಾ. ಕೀಪ್ಯಾಡ್ ಫೋನಿನ ಕಾಲದಲ್ಲಿ ಕನ್ನಡ ಅಂದ್ರೆ ಬರೀ ಡಬ್ಬ ಡಬ್ಬ. ಆಗ ಕಾಲೇಜು ಹುಡುಗರ ಬಾಯಿಂದ ಬಾಯಿಗೆ ಒಂದು ಗುಟ್ಟು ಹರಡಿತ್ತು. ಒಪೇರಾ ಮಿನಿ ತೆರೆದು, ವಿಳಾಸದ ಜಾಗದಲ್ಲಿ ‘ಒಪೇರಾ’, ಆಮೇಲೆ ಎರಡು ಚುಕ್ಕಿ, ಆಮೇಲೆ ‘ಕಾನ್ಫಿಗ್’ ಅಂತ ಬಡೀರಿ. ಬಂದ ಪಟ್ಟಿಯಲ್ಲಿ ಕ್ಲಿಷ್ಟ ಲಿಪಿಗಳಿಗೆ ಬಿಟ್‌ಮ್ಯಾಪ್ ಫಾಂಟ್ ಅನ್ನೋದಕ್ಕೆ ‘ಎಸ್’ ಹಾಕಿ. ಅಷ್ಟೇ! ಒಪೇರಾದ ಸರ್ವರ್ ಅಕ್ಷರಗಳನ್ನ ಚಿತ್ರ ಮಾಡಿ ಕಳಿಸ್ತಿತ್ತು. ಫೋನಿಗೆ ಕನ್ನಡ ಬರದೇ ಇದ್ರೂ ಕನ್ನಡ ಕಾಣ್ತಿತ್ತು. ಕೈಗಾ ಬಸ್ಸಿನಲ್ಲಿ ಅಂಥ ಫೋನಲ್ಲಿ ನಾನು ಮೊದಲ ಸಲ ಕನ್ನಡ ಸುದ್ದಿ ಓದಿದ್ದು ಇವತ್ತಿಗೂ ನೆನಪಿದೆ. 2012ರ ಆಂಡ್ರಾಯ್ಡ್ 4.1ರಲ್ಲಿ ಕನ್ನಡ ಅಕ್ಷರಗಳಿಗೆ ಬೆಂಬಲ ಬಂತು. ಗುಟ್ಟಿನ ಅಗತ್ಯ ಕ್ರಮೇಣ ಹೋಯ್ತು.

ನೋಡಿ, ಇಲ್ಲೊಂದು ಮಾದರಿ ಕಾಣುತ್ತೆ. ಮೊದಲು ಕೊರತೆ. ಆಮೇಲೆ ಯಾರೋ ಒಬ್ಬರು ಕಟ್ಟಿದ ಸಂಕ. ಆಮೇಲೆ ಪಕ್ಕಾ ಸೇತುವೆ. ಸೇತುವೆ ಬಂದ ದಿನ ಸಂಕವನ್ನ ಯಾರೂ ನೆನೆಸೋಲ್ಲ. 2017ರ ನವೆಂಬರಿನಲ್ಲಿ ಫೈರ್‌ಫಾಕ್ಸ್ 57 ಬಂದಾಗ ಹಳೇ ಪದ್ಧತಿಯ ಎಕ್ಸ್‌ಟೆನ್ಶನ್‌ಗಳೆಲ್ಲ ಒಂದೇ ಏಟಿಗೆ ನಿಂತುಹೋದ್ವು. ಸುರಕ್ಷತೆಗೆ, ವೇಗಕ್ಕೆ ಅದು ಬೇಕಿತ್ತು. ಆದರೆ ಹೊಸದಾಗಿ ಬರೆಯೋರಿಲ್ಲದ ಎಷ್ಟೋ ಸಂಕಗಳು ಕೊಚ್ಚಿಹೋದ್ವು. ಆಚೆ ದಡದಲ್ಲಿ ಇನ್ನೂ ಏನೋ ಉಳಿದಿದೆಯಾ ಅಂತ ಯಾರೂ ಕೇಳಲಿಲ್ಲ.

ಉಳಿದಿತ್ತು. ದೊಡ್ಡಪ್ಪನ ಗದ್ದೆ ಉಳಿದಿತ್ತು. ಅವರದ್ದೊಂದೇ ಅಲ್ಲ. ಆ ಕಾಲದಲ್ಲಿ ಟೈಪಾದ ಎಷ್ಟೋ ಕತೆ, ಮದುವೆ ಹಾಡಿನ ಸಂಗ್ರಹ, ಸಂಘದ ವರದಿ, ಪುಸ್ತಕದ ಕರಡು ಇವತ್ತಿಗೂ ಅದೇ ಪೌಂಡ್ ಗುರುತಿನ ವೇಷದಲ್ಲಿ ಯಾರದೋ ಮೇಲಿನಲ್ಲಿ, ಸಿಡಿಯಲ್ಲಿ ಮಲಗಿವೆ.

ಅವತ್ತು ರಾತ್ರಿ ಕರೆಂಟ್ ಬಂದ ಮೇಲೆ ಕೂತೆ. ಹಳೇ ಕನ್ನಡ ಪಠ್ಯವನ್ನ ಯೂನಿಕೋಡಿಗೆ ಬದಲಿಸೋ ಪರಿವರ್ತಕಗಳು ಇವೆ. ಅರವಿಂದ ವಿ.ಕೆ. ಅವರು ಒಂದನ್ನ ಮಾಡಿ, ಅದರ ಕೋಡನ್ನೂ ಎಲ್ಲರಿಗೂ ಮುಕ್ತವಾಗಿ ಇಟ್ಟಿದ್ದಾರೆ. ಇಂಥ ಪರಿವರ್ತಕ ಬರೆಯೋದು ಅಂದ್ಕೊಂಡಷ್ಟು ಸುಲಭ ಅಲ್ಲ. ‘ಸರ್ವೆ’ ಪದ ತಗೊಳ್ಳಿ. ನುಡಿಯಲ್ಲಿ ಅದು ಕಣ್ಣಿಗೆ ಕಂಡಂತೆ: ಮೊದಲು ಸ, ಆಮೇಲೆ ವೆ, ಕೊನೆಗೆ ಅರ್ಕಾವತ್ತು. ಯೂನಿಕೋಡಿನಲ್ಲಿ ಬಾಯಲ್ಲಿ ಹೇಳಿದಂತೆ: ಸ, ರ್, ವೆ. ಅಂದ್ರೆ ಅರ್ಕಾವತ್ತು ಕಂಡಾಗಲೆಲ್ಲ ಹಿಂದೆ ಹೋಗಿ ಅದನ್ನ ಸರಿಯಾದ ಜಾಗದಲ್ಲಿ ಕೂರಿಸಬೇಕು.

ಫೈಲಿನ ಪಠ್ಯ ಕಾಪಿ ಮಾಡಿ ಅಂಟಿಸಿದೆ. ಗುಂಡಿ ಒತ್ತಿದೆ. ಹನ್ನೊಂದು ಪುಟ ಎದ್ದು ನಿಂತವು! ಮಧ್ಯೆ ಇಂಗ್ಲಿಷಲ್ಲಿದ್ದ ಪದಗಳೂ ಕನ್ನಡಕ್ಕೆ ತಿರುಗಿ ಅರ್ಥವಿಲ್ಲದ ಅಕ್ಷರಗಳಾಗಿದ್ವು. ಅವನ್ನ ಕೈಯಲ್ಲಿ ತಿದ್ದಿದ್ದಾಯ್ತು. ನೋಟ್‌ಬುಕ್ಕಿನ ಕೊನೇ ಭಾಗ ಟೈಪೇ ಆಗಿರಲಿಲ್ಲ. ಅದು ಹೋಯ್ತು, ಬರೋದಿಲ್ಲ.

ಈಗ ನಿಮ್ಮ ಕೈಗೆ ಬರೋಣ. ಆಂಡ್ರಾಯ್ಡ್ ಫೋನಿನ ಕ್ರೋಮ್‌ನಲ್ಲಿ ಎಕ್ಸ್‌ಟೆನ್ಶನ್ ಹಾಕೋಕಾಗಲ್ಲ. ಫೈರ್‌ಫಾಕ್ಸ್‌ನಲ್ಲಿ ಆಗುತ್ತೆ, 2023ರ ಡಿಸೆಂಬರಿನಿಂದ ಅಲ್ಲಿ ನೂರಾರು ಸಿಗ್ತವೆ. ಐಫೋನಿನ ಸಫಾರಿಯಲ್ಲೂ 2021ರಿಂದ ಇದೆ. ಹಾಕೋ ಮುಂಚೆ ಅದು ಕೇಳೋ ಅನುಮತಿ ಓದಿ. “ಎಲ್ಲ ಸೈಟ್‌ಗಳಲ್ಲಿನ ನಿಮ್ಮ ಮಾಹಿತಿ ಓದಲು, ಬದಲಿಸಲು” ಅಂತ ಇದ್ರೆ ಅದರ ಅರ್ಥ ಅಷ್ಟೂ ನಿಜ, ನಿಮ್ಮ ಬ್ಯಾಂಕ್ ಪುಟವೂ ಸೇರಿ. ಜಾಹೀರಾತು ತಡೆಯೋದಕ್ಕೆ ಆ ಅನುಮತಿ ಬೇಕು ಅಂದ್ರೆ ಒಪ್ಪಬಹುದು. ಟಾರ್ಚ್‌ನಂಥ ಸಣ್ಣ ಕೆಲಸಕ್ಕೆ ಕೇಳಿದ್ರೆ ಅದು ಸುಂಕದವನೇ. ಯಾರು ಮಾಡಿದ್ದು, ಕೊನೇ ಸಲ ಯಾವಾಗ ಅಪ್‌ಡೇಟ್ ಆಯ್ತು ನೋಡಿ. ಬಳಸದೇ ಇರೋದನ್ನ ತೆಗೀರಿ.

ಖಾಸಗಿ ಬರಹವನ್ನ ಆನ್‌ಲೈನ್ ಪರಿವರ್ತಕಕ್ಕೆ ಅಂಟಿಸೋ ಮುಂಚೆ ಒಂದು ಪರೀಕ್ಷೆ: ಪುಟ ಪೂರ್ತಿ ತೆರೆದ ಮೇಲೆ ಏರ್‌ಪ್ಲೇನ್ ಮೋಡ್ ಹಾಕಿ, ಬೇರೆ ಯಾವುದೋ ನಾಲ್ಕು ಸಾಲು ಪರಿವರ್ತಿಸಿ. ಆಗಲೂ ಕೆಲಸ ಮಾಡಿದ್ರೆ ಪರಿವರ್ತನೆ ನಡೀತಿರೋದು ನಿಮ್ಮ ಫೋನಲ್ಲೇ. ಹಾಗೆ ನೆಟ್ ಆಫ್ ಇಟ್ಟೇ ನಿಮ್ಮ ಬರಹ ಬದಲಿಸಿ, ಕಾಪಿ ಮಾಡಿಕೊಂಡು ಪುಟ ಮುಚ್ಚಿ.

ಮತ್ತೆ, ಈ ಭಾನುವಾರ ಒಂದು ಕೆಲಸ ಮಾಡಿ. ಮನೇಲಿ ಹಳೇ ಸಿಡಿ, ಪೆನ್‌ಡ್ರೈವ್, ಮರೆತುಹೋದ ಮೇಲ್ ಇದ್ಯಾ ನೋಡಿ. ತಲೆ ಮೇಲೆ ಗೀಟಿರೋ ಎ ಸಾಲು ಸಾಲು ಕಂಡ್ರೆ ಡಿಲೀಟ್ ಮಾಡಬೇಡಿ. ಅದು ಕಸ ಅಲ್ಲ, ಕನ್ನಡ.

ದೊಡ್ಡಪ್ಪಂಗೆ ಫೋನ್ ಕೊಟ್ಟು, ಪುಟದಲ್ಲಿ ಹುಡುಕೋದು ಹೇಗೆ ಅಂತ ತೋರಿಸಿದೆ. ಅವರು ಒಂದೊಂದೇ ಅಕ್ಷರ ಒತ್ತಿದ್ರು: ‘ವಡಾಚೆ ಶೇತ’. ಆಲದ ಮರದ ಗದ್ದೆ ಅಂತ ಅರ್ಥ. ಹಳದಿ ಬಣ್ಣದಲ್ಲಿ ಆ ಸಾಲು ಮಿಂಚಿತು. ತುಂಬಾ ಹೊತ್ತು ನೋಡಿ ದೊಡ್ಡಪ್ಪ ಹೇಳಿದ್ದು ಒಂದೇ ಮಾತು: “ಮರದ ಬಡಗ ಬದಿಗೆ ಬಾವಿ ಇತ್ತು. ಅದನ್ನ ಬರ್ಸಿಲ್ಲ ನೋಡು. ಬರ್ಕೋ ತಮ್ಮಾ.”

ಬರ್ಕೊಂಡೆ.