ಕೋಶಿಮಾ ದ್ವೀಪದ ಮಂಗಗಳು ಮತ್ತು ಗೆಣಸು ತೊಳೆಯುವ ರೂಢಿ

ರಕ್ತದಿಂದ ಬಾರದೆ, ಒಡನಾಡಿಗಳಿಂದ ಕಲಿತು ಮುಂದಿನ ಪೀಳಿಗೆಗೆ ದಾಟುವ ನಡವಳಿಕೆಯನ್ನು ಸಂಸ್ಕೃತಿಯೆನ್ನುವುದಾದರೆ ಅದು ಪ್ರಾಣಿಗಳಲ್ಲಿಯೂ ಇರಬಹುದೆಂದು ಜಪಾನಿನ ವಾನರ ಸಂಶೋಧಕ ಕಿಂಜಿ ಇಮಾನಿಶಿ 1952ರಲ್ಲಿ ವಾದಿಸಿದರು. ಕ್ಯುಶು ಕರಾವಳಿಯ ಪುಟ್ಟ ದ್ವೀಪವಾದ ಕೋಶಿಮಾದಲ್ಲಿ ಅವರ ತಂಡ ಮಂಗಗಳಿಗೆ ಗೆಣಸು ಹಾಕಿ ಅವುಗಳನ್ನು ಬಯಲಿಗೆ ಕರೆಯತೊಡಗಿದ್ದೂ ಅದೇ ವರ್ಷ.

1953ರ ಸೆಪ್ಟೆಂಬರಿನಲ್ಲಿ ಇಮೊ ಎಂಬ ಒಂದೂವರೆ ವರ್ಷದ ಹೆಣ್ಣುಮರಿ ಮರಳು ಮೆತ್ತಿದ ಗೆಣಸನ್ನು ತೊರೆಯ ನೀರಿನಲ್ಲಿ ತೊಳೆದು ತಿಂದುದನ್ನು ಸ್ಥಳೀಯ ಶಿಕ್ಷಕಿ ಸಾತ್ಸುಯೆ ಮಿಟೊ ಗಮನಿಸಿದರು. ಸಂಶೋಧಕರು ಪ್ರತಿ ಮಂಗಕ್ಕೂ ಹೆಸರಿಟ್ಟು ತಾಯಿಯ ವಂಶಾವಳಿಯನ್ನು ದಾಖಲಿಸುತ್ತಿದ್ದುದರಿಂದ, ಆ ರೂಢಿ ಹರಡಿದ ದಾರಿಯನ್ನು ಅವರಲ್ಲೊಬ್ಬರಾದ ಮಸಾವೊ ಕವಾಯ್ 1965ರ ಪ್ರಬಂಧದಲ್ಲಿ ಬಿಡಿಸಿ ತೋರಿಸಲು ಸಾಧ್ಯವಾಯಿತು. ಈ ಅಧ್ಯಯನದ ನಿಜವಾದ ಬಲ ಆ ತಾಳ್ಮೆಯ ದಾಖಲೆಯೇ. ರೂಢಿ ಮೊದಲು ಇಮೊಳ ಆಟದ ಜೊತೆಗಾರರಿಗೂ ತಾಯಿಗೂ ತಲುಪಿತು. 1958ರ ಹೊತ್ತಿಗೆ ಎರಡರಿಂದ ಏಳು ವರ್ಷದ 19 ಮಂಗಗಳಲ್ಲಿ 15 ಗೆಣಸು ತೊಳೆಯುತ್ತಿದ್ದರೆ, ಅದಕ್ಕಿಂತ ಹಿರಿಯವಾದ 11ರಲ್ಲಿ ಎರಡು ಮಾತ್ರ ಅದನ್ನು ಕಲಿತಿದ್ದವು. ಆ ಬಳಿಕ ಕಲಿಕೆಯ ದಿಕ್ಕು ಬದಲಾಯಿತು: ತೊಳೆಯುವ ತಾಯಂದಿರ ಹೊಟ್ಟೆಗೆ ಅವಚಿಕೊಂಡು ನೀರಿನಂಚಿಗೆ ಬಂದ ಮರಿಗಳು ಅಲ್ಲಿ ಬಿದ್ದ ಚೂರುಗಳನ್ನು ತಿನ್ನುತ್ತಲೇ ಬೆಳೆದು, ಮಕ್ಕಳಿಂದ ತಾಯಿಗೆ ಏರಿದ್ದ ರೂಢಿ ಈಗ ತಾಯಿಯಿಂದ ಮಕ್ಕಳಿಗೆ ಇಳಿಯತೊಡಗಿತು.

ರೂಢಿ ಇದ್ದಂತೆಯೇ ಉಳಿಯಲಿಲ್ಲ. ಮಂಗಗಳು ತೊರೆಯನ್ನು ಬಿಟ್ಟು ಸಮುದ್ರದ ನೀರಿಗೆ ಬಂದವು, ಒಂದೊಂದು ಕಡಿತಕ್ಕೂ ಗೆಣಸನ್ನು ಮತ್ತೆ ಅದ್ದತೊಡಗಿದವು. ಉಪ್ಪಿನ ರುಚಿಗಾಗಿಯೇ ಹೀಗೆ ಮಾಡುತ್ತವೆಂದು ಸಂಶೋಧಕರು ಅರ್ಥೈಸಿದರು. 1956ರಲ್ಲಿ ಇಮೊ ಮರಳಿನೊಡನೆ ಬೆರೆತ ಗೋಧಿಯನ್ನು ನೀರಿಗೆ ಹಾಕಿ, ಮರಳು ಮುಳುಗಿದ ಮೇಲೆ ತೇಲಿದ ಕಾಳುಗಳನ್ನು ಆರಿಸಿಕೊಂಡಳು.

ಇದು ಸಂಚಿತ ಸಂಸ್ಕೃತಿಯೇ, ಅಂದರೆ ಒಬ್ಬರು ಒಂಟಿಯಾಗಿ ಎಂದೂ ಕಂಡುಕೊಳ್ಳಲಾಗದಷ್ಟು ಪೀಳಿಗೆಯಿಂದ ಪೀಳಿಗೆಗೆ ಬೆಳೆದ ಜ್ಞಾನವೇ ಎಂಬ ಪ್ರಶ್ನೆ ಮುಂದೆ ತೀಕ್ಷ್ಣವಾಯಿತು. ಮುಂದಕ್ಕೆ ತಿರುಗಿದರೂ ಹಿಂದಕ್ಕೆ ಜಾರದ ಹಲ್ಲುಚಕ್ರಕ್ಕೆ ಇಂಥ ಬೆಳವಣಿಗೆಯನ್ನು 1990ರ ದಶಕದಲ್ಲಿ ಹೋಲಿಸಿದ ಮನೋವಿಜ್ಞಾನಿ ಮೈಕೆಲ್ ಟೊಮಾಸೆಲ್ಲೊ, ಅದು ಮನುಷ್ಯರ ವಿಶೇಷವೆಂದರು. ಪ್ರಾಣಿಗಳ ಕಲಿಕೆಯ ಸಂಶೋಧಕ ಬೆನೆಟ್ ಗೇಲೆಫ್ ರೂಢಿ ಹರಡಿದ ನಿಧಾನಗತಿಯನ್ನೇ ಹಿಡಿದು, ಪ್ರತಿ ಮಂಗವೂ ತಾನೇ ಕಂಡುಕೊಂಡಿರಬಹುದೆಂದು ಶಂಕಿಸಿದರು. ಗೆಣಸು ತೊಳೆಯುವುದು ಒಂಟಿ ಮಂಗಕ್ಕೂ ಎಟುಕುವ ಕೆಲಸವಾದ್ದರಿಂದ ಈ ಆಕ್ಷೇಪ ಗಟ್ಟಿಯಾದುದೇ. ಆದರೂ ಉಪ್ಪುನೀರಿನಲ್ಲಿ ಅದ್ದುವ ರೂಢಿ ಗೆಣಸು ತೊಳೆಯುವ ಮೊದಲಿನ ರೂಢಿಯ ಮೇಲೆಯೇ ನಿಂತಿದೆ, ಮತ್ತು ಇಮೊ ಸತ್ತ ಬಳಿಕವೂ, ಅವಳನ್ನು ಕಂಡೇ ಇರದ ಮರಿಗಳು ದೊಡ್ಡವಾಗಿ ಅದೇ ಸಮುದ್ರದಂಚಿಗೆ ಗೆಣಸನ್ನು ಒಯ್ದವು.